ಮನೆಯ ಲೆಕ್ಕದಲ್ಲಿ ಕಾಣದ ತಟ್ಟೆ

ಬಸ್ಸಾರು ಮಾಡುವ ಮನೆಯಲ್ಲಿ ಒಂದೇ ಪಾತ್ರೆಯ ಸೊಪ್ಪು ಎರಡು ದಾರಿ ಹಿಡಿಯುತ್ತದೆ. ಸೊಪ್ಪು, ಅವರೆಕಾಳು ಬೆಂದ ಮೇಲೆ ನೀರು ಬಸಿಯುತ್ತಾರೆ. ಆ ಕಟ್ಟಿಗೆ ಒಂದು ಹಿಡಿ ಬೆಂದ ಸೊಪ್ಪು-ಕಾಳು, ಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಹುಣಸೆಹಣ್ಣು, ಖಾರ ರುಬ್ಬಿ ಹಾಕಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ನೀರಿನಲ್ಲಿ ಕರಗುವ ಫೋಲೇಟ್, ಸಿ ಜೀವಸತ್ವ, ಪೊಟ್ಯಾಸಿಯಂಗಳ ಒಂದು ಪಾಲು ಕಟ್ಟಿನ ಜೊತೆ ಸಾರಿಗೆ ಇಳಿಯುತ್ತದೆ. ನಾರು ಮತ್ತು ಪ್ರೋಟೀನಿನ ಬಹುಭಾಗ ಪಲ್ಯದಲ್ಲೇ ಉಳಿಯುತ್ತದೆ. ರಾತ್ರಿ ಊಟದಲ್ಲಿ ಒಬ್ಬರ ತಟ್ಟೆಗೆ ಎರಡು ಸೌಟು ಪಲ್ಯ ಬಿದ್ದಿರುತ್ತದೆ, ಇನ್ನೊಬ್ಬರ ಮುದ್ದೆಗೆ ಬರೀ ಸಾರು. ಮರುದಿನ ಸಮೀಕ್ಷೆಯವರು ಬಂದು ‘ನಿನ್ನೆ ಸೊಪ್ಪು ತಿಂದ್ರಾ?’ ಎಂದು ಕೇಳಿದರೆ ಇಬ್ಬರದೂ ‘ಹೂಂ’ ಎಂಬ ಉತ್ತರವೇ.

ಈ ಇಬ್ಬರೂ ನಿಜಕ್ಕೂ ಎಷ್ಟೆಷ್ಟು ಉಂಡರು ಎಂದು ಕಂಡುಹಿಡಿಯುವುದು ಪೋಷಣೆಯ ಸಂಶೋಧನೆಯ ಮೊದಲ ಕೆಲಸ. ಅದರ ಅತ್ಯಂತ ಕಷ್ಟದ ಕೆಲಸವೂ ಅದೇ. ರಕ್ತದೊತ್ತಡಕ್ಕೆ ತೋಳಿಗೆ ಸುತ್ತುವ ಪಟ್ಟಿ ಇದೆ, ಸಕ್ಕರೆಯ ಅಂಶಕ್ಕೆ ಒಂದು ಹನಿ ರಕ್ತ ಸಾಕು. ಒಬ್ಬ ಮನುಷ್ಯ ವರ್ಷವಿಡೀ ಏನು ತಿಂದ ಎಂಬುದನ್ನು ಹೇಳುವ ಯಂತ್ರ ಎಲ್ಲೂ ಇಲ್ಲ. ಹಾಗಿದ್ದರೂ ಊಟದ ಬಗ್ಗೆ ದೊಡ್ಡ ದೊಡ್ಡ ಮಾತುಗಳು ಅಂಕಿಗಳಲ್ಲೇ ಬರುತ್ತವೆ. 2024ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 17 ಆಹಾರ ಮಾರ್ಗಸೂಚಿಗಳನ್ನು ಪ್ರಕಟಿಸಿದಾಗ, ದೇಶದ ಒಟ್ಟು ರೋಗಭಾರದಲ್ಲಿ ಶೇ 56.4ರಷ್ಟಕ್ಕೆ ಅನಾರೋಗ್ಯಕರ ಆಹಾರವೇ ಕಾರಣ ಎಂಬ ಅಂದಾಜನ್ನು ಮುಂದಿಟ್ಟವು. ಪತ್ರಿಕೆಗಳಿಗೆ ಅದು ತಲೆಬರಹವಾಯಿತು. ಅಂಥ ಯಾವ ಅಂದಾಜಿನ ಬುಡಕ್ಕೆ ಹೋದರೂ ಸಿಗುವುದು ಅದೇ ಪ್ರಶ್ನೆ: ಯಾರು ಏನನ್ನು, ಎಷ್ಟು ತಿನ್ನುತ್ತಿದ್ದಾರೆ? ಇದಕ್ಕೆ ಭಾರತ ಸರ್ಕಾರ ದಶಕಗಳಿಂದ ಕೊಡುತ್ತಿರುವ ಉತ್ತರ ಮನೆಯ ಲೆಕ್ಕದಲ್ಲಿದೆ. ಮನೆಯೊಳಗಿನ ಒಂದೊಂದು ತಟ್ಟೆಯ ಲೆಕ್ಕ ಇಡುತ್ತಿದ್ದ ವ್ಯವಸ್ಥೆಯನ್ನು ದೇಶ ಹತ್ತು ವರ್ಷಗಳ ಹಿಂದೆಯೇ ಮುಚ್ಚಿತು. ಅದನ್ನು ಮತ್ತೆ ಕಟ್ಟಬೇಕು, ಕರ್ನಾಟಕ ಅದಕ್ಕೆ ದೆಹಲಿಯತ್ತ ನೋಡುತ್ತ ಕೂರಬಾರದು ಎಂಬುದು ಈ ಲೇಖನದ ವಾದ.

ಇಲ್ಲಿ ಊಟ ಅಳೆಯುವ ಕೆಲಸ ಹೊಸದೇನಲ್ಲ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ರೋಗದ ಮೂಲ ಹುಡುಕಲು ಒಂದು ಸಣ್ಣ ಪ್ರಯೋಗಾಲಯ ತೆರೆದರು. ಅದೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಗಿ ಮುಂದೆ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯಾಯಿತು. ಕೂನೂರಿನಲ್ಲಿದ್ದಾಗಲೇ, 1937ರಲ್ಲಿ, ಆಗಿನ ನಿರ್ದೇಶಕ ಅಯ್ಕ್ರಾಯ್ಡ್ ಭಾರತೀಯ ಆಹಾರಗಳ ಪೋಷಕಾಂಶಗಳ ಪಟ್ಟಿಯೊಂದನ್ನು ಹೊರತಂದರು. 1971ರಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು ಅದನ್ನು ಹೊಸದಾಗಿ ಬರೆದರು. 2017ರ ಪಟ್ಟಿಯಲ್ಲಿ, ದೇಶದ ಆರು ವಲಯಗಳಿಂದ ಮಾದರಿ ತಂದು ಪರೀಕ್ಷಿಸಿದ 528 ಆಹಾರಗಳಿವೆ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 8 ಮಿಲಿಗ್ರಾಮಿಗೂ ಕಡಿಮೆ ಎಂಬಂಥ ವಿವರ ಇರುವುದು ಅಲ್ಲಿ. ಅಂದರೆ ಒಂದು ಗ್ರಾಂ ರಾಗಿಯಲ್ಲಿ ಏನೇನಿದೆ ಎಂಬುದು ಚೆನ್ನಾಗಿ ಗೊತ್ತು. ಎಷ್ಟು ಗ್ರಾಂ ರಾಗಿ ಯಾರ ಹೊಟ್ಟೆಗೆ ಹೋಯಿತು ಎಂಬುದನ್ನು ತಿಳಿಯಲು ಮಾತ್ರ ಊರೂರು ತಿರುಗಿ ಅಡುಗೆಮನೆಯ ಹೊಸ್ತಿಲಲ್ಲಿ ಕೂರಬೇಕು.

ಹಾಗೆ ಕೂತವರು ಬಳಸುವ ಮುಖ್ಯ ವಿಧಾನ, ಹಿಂದಿನ 24 ಗಂಟೆಗಳ ಊಟವನ್ನು ನೆನಪಿಸಿಕೊಳ್ಳುವಂತೆ ಕೇಳುವುದು. ಹೈದರಾಬಾದಿನ ಸಂಸ್ಥೆ ಇದಕ್ಕಾಗಿ ಬೇರೆ ಬೇರೆ ಗಾತ್ರದ ಅಳತೆಯ ಬಟ್ಟಲು, ಸೌಟುಗಳ ಸೆಟ್ಟನ್ನೇ ರೂಪಿಸಿತು. ಮಂಡ್ಯ ಸೀಮೆಯ ಒಂದು ಮನೆಯಲ್ಲಿ ಆ ಮಾತುಕತೆ ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ.

‘ನಿನ್ನೆ ರಾತ್ರಿ ಏನು ಊಟ ಮಾಡಿದ್ರಿ, ಅಮ್ಮ?’

‘ಏನ್ ಮಾಡ್ತೀವಿ ಕಣವ್ವ, ಮಾಮೂಲಿ. ಇಟ್ಟು, ಸಾರು.’

‘ಎಷ್ಟು ಜನಕ್ಕೆ ಮಾಡಿದ್ರಿ? ಹಿಟ್ಟು ಎಷ್ಟು ಹಾಕಿದ್ರಿ, ಡಬ್ಬದಿಂದ ತೆಗೆದು ತೋರಿಸ್ತೀರಾ?’

ಅಲ್ಲಿಂದ ಕೆಲಸ ಶುರು. ಆಕೆ ತೆಗೆದು ತೋರಿಸಿದ ಹಿಟ್ಟನ್ನು ತೂಗಬೇಕು. ಒಟ್ಟು ಎಷ್ಟು ಮುದ್ದೆ ಕಟ್ಟಿದರು, ಯಾರಿಗೆ ಎಷ್ಟು ಬಡಿಸಿದರು, ತಟ್ಟೆಯಲ್ಲಿ ಎಷ್ಟು ಮಿಕ್ಕಿತು, ತಂಗಳಾಗಿ ಉಳಿದದ್ದು ಎಷ್ಟು ಎಂದು ಒಂದೊಂದಾಗಿ ಕೇಳಬೇಕು. ಒಂದು ಕಿಲೊ ಹಿಟ್ಟಿಗೆ ಎಂಟು ಮುದ್ದೆ ಎಂದರೆ ಒಂದೊಂದರಲ್ಲಿ 125 ಗ್ರಾಂ ರಾಗಿ, ಸುಮಾರು 455 ಮಿಲಿಗ್ರಾಂ ಕ್ಯಾಲ್ಸಿಯಂ. ಕಾಗದದ ಮೇಲೆ ಇಷ್ಟು ಸಲೀಸು. ಆದರೆ ಎಂಟೂ ಮುದ್ದೆ ಒಂದೇ ಗಾತ್ರದವಲ್ಲ. ಗದ್ದೆಯಿಂದ ಬಂದ ಗಂಡಸಿಗೆ ದೊಡ್ಡದು, ಶಾಲೆಗೆ ಹೋಗುವ ಮಗುವಿಗೆ ಅರ್ಧ, ಪಾತ್ರೆಯ ತಳ ಕೆರೆದು ಕಟ್ಟಿದ್ದು ಕಟ್ಟಿದವಳಿಗೆ. ಒಳ್ಳೆಯ ಸಮೀಕ್ಷಕಿ ಇಲ್ಲಿ ಬಟ್ಟಲು, ಸೌಟುಗಳನ್ನು ಮುಂದಿಟ್ಟು, ‘ನಿಮ್ಮ ತಟ್ಟೆಗೆ ಸಾರು ಹಾಕಿಕೊಂಡಿದ್ದು ಇದರಲ್ಲಿ ಎಷ್ಟು?’ ಎಂದು ಆಕೆಯನ್ನೇ ಬಿಡಿಸಿ ಕೇಳುತ್ತಾಳೆ. ಆಮೇಲೆ ಟೀ. ಬೆಳಗ್ಗೆ ಒಂದು, ಹನ್ನೊಂದಕ್ಕೆ ಒಂದು, ನೆಂಟರು ಬಂದಾಗ ಒಂದು. ಅದಕ್ಕೆ ಹಾಕಿದ ಸಕ್ಕರೆ ಎಷ್ಟು? ಅಡುಗೆ ಮಾಡುವಾಗ ಉಪ್ಪು-ಖಾರ ನೋಡಲು ಬಾಯಿಗೆ ಹಾಕಿಕೊಂಡಿದ್ದು? ಮಗು ಬಿಟ್ಟ ಅನ್ನ ಚೆಲ್ಲಲು ಮನಸ್ಸು ಬಾರದೆ ತಾನೇ ತಿಂದಿದ್ದು? ಸಂತೆಯಲ್ಲಿ ಕೊಂಡ ಕಡ್ಲೆಪುರಿ? ಇವನ್ನೆಲ್ಲ ಯಾರೂ ಊಟ ಎಂದು ಎಣಿಸುವುದಿಲ್ಲ, ಕೇಳದೆ ಹೇಳುವುದೂ ಇಲ್ಲ. ಒಂದು ಮನೆಗೆ ಒಂದು ಗಂಟೆ ಕೂತರೂ ಸಾಲದು. ಇಷ್ಟು ತಾಳ್ಮೆಯಿಂದ ಕೇಳಿದರೂ ಸಿಗುವುದು ಒಂದೇ ದಿನದ ಊಟ. ಅವರೆಕಾಯಿ ಸುಗ್ಗಿಯಲ್ಲಿ ಕೇಳಿದರೆ ಒಂದು ಚಿತ್ರ, ಮೇ ತಿಂಗಳಿನಲ್ಲಿ ಕೇಳಿದರೆ ಇನ್ನೊಂದು, ಒಪ್ಪತ್ತಿನ ದಿನ ಕೇಳಿದರೆ ಮತ್ತೊಂದು.

ಈ ಕಷ್ಟ ಬೇಡವೆಂದೇ ಸರ್ಕಾರಗಳು ಮನೆಯ ಬುಟ್ಟಿಯನ್ನು ಎಣಿಸುವ ದಾರಿ ಹಿಡಿದವು. ಮನೆಗೆ ತಿಂಗಳಿಗೆ ಎಷ್ಟು ಅಕ್ಕಿ ಬಂತು, ಎಷ್ಟು ಬೇಳೆ, ಎಷ್ಟು ಎಣ್ಣೆ ಎಂದು ಕೇಳಿ, ಅದನ್ನು ಪೋಷಕಾಂಶದ ಪಟ್ಟಿಯಿಂದ ಗುಣಿಸಿ, ತಲೆಗಳಿಂದ ಭಾಗಿಸಿದರೆ ತಲಾ ಕ್ಯಾಲೊರಿ. ಭಾರತದ ಬಡತನದ ರೇಖೆ ಹುಟ್ಟಿದ್ದೇ ಈ ಲೆಕ್ಕದಿಂದ. 1971ರಲ್ಲಿ ಪುಣೆಯ ಅರ್ಥಶಾಸ್ತ್ರಜ್ಞರಾದ ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ ದಿನಕ್ಕೆ 2,250 ಕ್ಯಾಲೊರಿಯನ್ನು ಗಡಿಯಾಗಿ ಇಟ್ಟುಕೊಂಡರು, 1979ರಲ್ಲಿ ವೈ.ಕೆ. ಅಲಘ್ ನೇತೃತ್ವದ ಕಾರ್ಯಪಡೆ ಹಳ್ಳಿಗೆ 2,400, ಪಟ್ಟಣಕ್ಕೆ 2,100 ಎಂದು ನಿಗದಿ ಮಾಡಿತು. ಯಾರು ಬಡವರು, ಯಾರಿಗೆ ರೇಷನ್ ಸಿಗಬೇಕು ಎಂಬ ಚರ್ಚೆ ದಶಕಗಳ ಕಾಲ ಈ ಸಂಖ್ಯೆಗಳ ಸುತ್ತ ಸುತ್ತಿತು.

ಆ ಲೆಕ್ಕವೇ ಮುಂದೆ ಒಂದು ಒಗಟನ್ನು ತಂದಿಟ್ಟಿತು. ಆಂಗಸ್ ಡೀಟನ್ ಮತ್ತು ಜಾನ್ ಡ್ರೆಜ್ 2009ರಲ್ಲಿ ತೋರಿಸಿದಂತೆ, ಎಂಬತ್ತರ ದಶಕದಿಂದ ಜನರ ಕೈಯಲ್ಲಿ ಕಾಸು ಹೆಚ್ಚಿದರೂ ತಲಾ ಕ್ಯಾಲೊರಿ ಇಳಿಯುತ್ತ ಹೋಗಿತ್ತು. ಮೈ ಮುರಿಯುವ ದುಡಿಮೆ ಕಡಿಮೆಯಾಗಿದ್ದು, ಆರೋಗ್ಯದ ಪರಿಸರ ಸುಧಾರಿಸಿದ್ದು ಇದಕ್ಕೆ ಕಾರಣವಿರಬಹುದು ಎಂದು ಅವರು ವಾದಿಸಿದರು. ಜನ ಹೊರಗೆ ತಿನ್ನುವುದು ಹೆಚ್ಚಾಗಿ, ಅದು ಸಮೀಕ್ಷೆಯ ಬಲೆಗೆ ಬೀಳುತ್ತಿಲ್ಲ ಎಂದು ಬೇರೆಯವರು ಹೇಳಿದರು. ಎರಡರಲ್ಲಿ ಯಾವುದು ಎಷ್ಟು ನಿಜ ಎಂದು ತೀರ್ಮಾನಿಸಲು ತಟ್ಟೆಯ ಲೆಕ್ಕ ಬೇಕಿತ್ತು. ದೇಶದ ಕೈಯಲ್ಲಿ ಇದ್ದದ್ದು ಬುಟ್ಟಿಯ ಲೆಕ್ಕ.

ಬುಟ್ಟಿಯ ಲೆಕ್ಕದ ತೊಡಕುಗಳು ಈಗಲೂ ಕರಗಿಲ್ಲ. 2022-23ರ ಗೃಹಬಳಕೆ ವೆಚ್ಚ ಸಮೀಕ್ಷೆಯವರು ಎರಡೂವರೆ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೋದರು. ವಿಧಾನ ಮೊದಲಿಗಿಂತ ಸುಧಾರಿಸಿದೆ: ತರಕಾರಿ, ಹಣ್ಣು, ಮೊಟ್ಟೆ, ಮಾಂಸ, ಎಣ್ಣೆಗಳಿಗೆ ಹಿಂದಿನ ಏಳು ದಿನ, ಅಕ್ಕಿ-ಬೇಳೆಗೆ ಹಿಂದಿನ ಮೂವತ್ತು ದಿನ ಎಂದು ಬೇರೆ ಬೇರೆ ಅವಧಿ ಇಟ್ಟಿದ್ದಾರೆ. ಮುಂದಿನ ವರ್ಷದ ಸಮೀಕ್ಷೆಯ ಆಧಾರದ ಮೇಲೆ 2023-24ರಲ್ಲಿ ಹಳ್ಳಿಯವರ ದಿನದ ತಲಾ ಕ್ಯಾಲೊರಿ 2,212, ಪಟ್ಟಣದವರದು 2,240 ಎಂದು ಸರ್ಕಾರ ಲೆಕ್ಕ ಕೊಟ್ಟಿದೆ. ಹಳ್ಳಿಯ ಮನೆಗಳು ತಮ್ಮ ಒಟ್ಟು ಖರ್ಚಿನಲ್ಲಿ ಶೇ 9.62ರಷ್ಟನ್ನು ಪಾನೀಯ, ತಿಂಡಿ, ಸಂಸ್ಕರಿತ ಆಹಾರಕ್ಕೆ ಹಾಕುತ್ತಿದ್ದವು ಎಂಬುದು 2022-23ರ ಸಮೀಕ್ಷೆಯಿಂದ ತಿಳಿದದ್ದು. ಆ ದುಡ್ಡಿನ ಬೋಂಡವನ್ನು ಎಷ್ಟು ಸಲ ಕಾಯಿಸಿದ ಎಣ್ಣೆಯಲ್ಲಿ ಕರಿದಿದ್ದರು, ಬಿಸ್ಕತ್ತು ತಿಂದದ್ದು ಮಗುವೋ ಅಜ್ಜನೋ ಎಂಬುದು ರೂಪಾಯಿಯಲ್ಲಿ ಕಾಣುವುದಿಲ್ಲ. ಇದಕ್ಕಿಂತ ಹಳೆಯ ತೊಡಕು ಇನ್ನೊಂದಿದೆ. ತೋಟದ ಮಾಲೀಕರ ಮನೆಯಲ್ಲಿ ಆಳುಗಳಿಗೆ ಬಡಿಸಿದ ಊಟದ ಅಕ್ಕಿ ಮಾಲೀಕರ ಖಾತೆಯಲ್ಲಿ ಏರುತ್ತದೆ. ಉಳ್ಳವರು ಉಂಡದ್ದು ಹೆಚ್ಚಾಗಿಯೂ, ದುಡಿಯುವವರು ಉಂಡದ್ದು ಕಡಿಮೆಯಾಗಿಯೂ ಕಾಣುತ್ತದೆ. ಇದನ್ನು ಸರಿಪಡಿಸುವ ಲೆಕ್ಕಾಚಾರಗಳು ಇವೆ, ಅವೂ ಅಂದಾಜುಗಳೇ.

ಎಲ್ಲಕ್ಕಿಂತ ದೊಡ್ಡ ತೊಡಕು ಮನೆಯೊಳಗಿನದು. ಮನೆಯ ಒಟ್ಟು ಆಹಾರವನ್ನು ಸದಸ್ಯರಿಗೆ ಹಂಚಲು ಪೋಷಣಾ ತಜ್ಞರು ‘ಬಳಕೆ ಘಟಕ’ ಎಂಬ ಮಾನಕವನ್ನು ಬಳಸುತ್ತ ಬಂದಿದ್ದಾರೆ. ಕೂತು ಕೆಲಸ ಮಾಡುವ ವಯಸ್ಕ ಗಂಡಸು 1 ಎಂದರೆ, ಭಾರೀ ದುಡಿಮೆಯ ಗಂಡಸು 1.6, ಕೂತು ಕೆಲಸ ಮಾಡುವ ಹೆಂಗಸು 0.8, ಭಾರೀ ದುಡಿಮೆಯ ಹೆಂಗಸು 1.2, ಒಂದರಿಂದ ಮೂರು ವರ್ಷದ ಮಗು 0.4. ಇವು ಯಾರಿಗೆ ಎಷ್ಟು ಬೇಕು ಎಂಬುದರ ಅನುಪಾತಗಳು. ಮನೆಯ ಅಕ್ಕಿ-ಬೇಳೆಯನ್ನು ಈ ಅನುಪಾತದಲ್ಲಿ ಹಂಚಿದ ಕೂಡಲೇ ಪ್ರತಿಯೊಬ್ಬರಿಗೂ ಅಗತ್ಯಕ್ಕೆ ತಕ್ಕಷ್ಟು ಸಿಕ್ಕಿತು ಎಂದು ಲೆಕ್ಕ ಮೊದಲೇ ಒಪ್ಪಿಕೊಂಡಂತಾಯಿತು. ಕೊನೆಯಲ್ಲಿ ಉಣ್ಣುವ ಸೊಸೆಗೆ ಪಲ್ಯ ಮಿಕ್ಕಿತ್ತೇ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಅನ್ಯಾಯ ಎಲ್ಲಿ ನಡೆಯುತ್ತದೋ ಅಲ್ಲಿಗೇ ಅಳತೆ ನಿಲ್ಲುತ್ತದೆ. ಇದು ಬರೀ ಲೆಕ್ಕಶಾಸ್ತ್ರದ ದೋಷವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 44.8 ಇತ್ತು. ಅವರ ತಟ್ಟೆಯಲ್ಲಿ ಏನು ಕಡಿಮೆ ಎಂದು ಕೇಳಿದರೆ ರಾಜ್ಯದ ಬಳಿ ನೆಟ್ಟಗಿನ ಉತ್ತರವಿಲ್ಲ.

ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೆಂಗಸರನ್ನೇ ನೇರವಾಗಿ ಕೇಳುತ್ತದೆ ನಿಜ. ಹಾಲು-ಮೊಸರು, ಬೇಳೆ-ಕಾಳು, ಸೊಪ್ಪು, ಹಣ್ಣು, ಮೊಟ್ಟೆ, ಮೀನು, ಮಾಂಸಗಳನ್ನು ದಿನವೂ ತಿನ್ನುತ್ತೀರೋ, ವಾರಕ್ಕೊಮ್ಮೆಯೋ, ಅಪರೂಪಕ್ಕೋ, ಇಲ್ಲವೇ ಇಲ್ಲವೋ ಎಂಬುದು ಅದರ ಪ್ರಶ್ನೆ. ಎಷ್ಟು ಎಂದು ಅದು ಕೇಳುವುದಿಲ್ಲ.

ಎಷ್ಟು ಎಂದು ಕೇಳುವ ಸಂಸ್ಥೆ ಒಂದಿತ್ತು. 1972ರಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ ಶುರು ಮಾಡಿದ ರಾಷ್ಟ್ರೀಯ ಪೋಷಣಾ ನಿಗಾ ಬ್ಯೂರೊ. ಕರ್ನಾಟಕವೂ ಸೇರಿ ಹತ್ತು ರಾಜ್ಯಗಳಲ್ಲಿ ಅದರ ತಂಡಗಳು ತಕ್ಕಡಿ, ಬಟ್ಟಲು, ಸೌಟು ಹಿಡಿದು ಹಳ್ಳಿ, ಹಾಡಿ ಸುತ್ತಿ, ಮನೆಯ ಒಬ್ಬೊಬ್ಬರ ಊಟವನ್ನೂ ದಾಖಲಿಸಿದವು. ನಾಲ್ಕು ದಶಕಗಳ ಕಾಲ ಈ ದೇಶದ ಬಡವರ ತಟ್ಟೆ ಹೇಗೆ ಬದಲಾಯಿತು ಎಂದು ಹೇಳಬಲ್ಲ ದಾಖಲೆ ಅದೊಂದೇ. 2015ರಲ್ಲಿ ಅದನ್ನು ಮುಚ್ಚಲಾಯಿತು. ನರ್ಸಿಂಗ್ ಹೋಮಿನ ಜಾಹೀರಾತಿನಿಂದ ಹಿಡಿದು ಬಜೆಟ್ ಭಾಷಣದವರೆಗೆ ಪೌಷ್ಟಿಕತೆಯ ಮಾತು ಹಿಂದೆಂದಿಗಿಂತ ಹೆಚ್ಚಾಗಿ ಕೇಳುತ್ತಿರುವ ಕಾಲದಲ್ಲಿ, ಅಳೆಯುವ ಕೈಗಳನ್ನು ಮನೆಗೆ ಕಳಿಸಿದ್ದು ದೊಡ್ಡ ತಪ್ಪು.

ತಟ್ಟೆಯ ಲೆಕ್ಕವೂ ಪೂರ್ತಿ ನಂಬಿಕೆಗೆ ಅರ್ಹವಲ್ಲ ಎಂಬ ಆಕ್ಷೇಪ ಉಂಟು, ಅದರಲ್ಲಿ ಹುರುಳೂ ಉಂಟು. ಜನರ ನೆನಪು ಎಷ್ಟು ಸರಿ ಎಂದು ಪರೀಕ್ಷಿಸಲು ವಿಜ್ಞಾನಿಗಳ ಬಳಿ ಒಂದು ಚೆಂದದ ಉಪಾಯವಿದೆ. ಡ್ಯೂಟೀರಿಯಂ ಎಂಬ ಭಾರದ ಜಲಜನಕ ಮತ್ತು ಭಾರದ ಆಮ್ಲಜನಕ ಬೆರೆತ ನೀರನ್ನು ಕುಡಿಸುತ್ತಾರೆ. ಭಾರದ ಜಲಜನಕ ಬೆವರು, ಮೂತ್ರಗಳಲ್ಲಿ ನೀರಾಗಿ ಮಾತ್ರ ಹೊರಹೋಗುತ್ತದೆ. ಭಾರದ ಆಮ್ಲಜನಕ ನೀರಾಗಿಯೂ ಹೋಗುತ್ತದೆ, ಉಸಿರಿನ ಇಂಗಾಲದ ಡೈ ಆಕ್ಸೈಡ್ ಆಗಿಯೂ ಹೋಗುತ್ತದೆ. ಸುಮಾರು ಎರಡು ವಾರ ಮೂತ್ರವನ್ನು ಪರೀಕ್ಷಿಸಿ ಎರಡರ ವ್ಯತ್ಯಾಸ ನೋಡಿದರೆ ದೇಹ ಎಷ್ಟು ಶಕ್ತಿ ಸುಟ್ಟಿತು ಎಂಬುದು ಸಿಗುತ್ತದೆ. ದೇಹದ ತೂಕ ಏರಿಳಿಯದಿದ್ದರೆ ಸುಟ್ಟಷ್ಟನ್ನೇ ತಿಂದಿದ್ದಾರೆ ಎಂದರ್ಥ. ಅಮೆರಿಕದ ನೇಥನ್ ಲಿಫ್ಸನ್ 1950ರ ದಶಕದಲ್ಲಿ ಇಲಿಗಳ ಮೇಲೆ ಮಾಡಿದ್ದನ್ನು ಡೇಲ್ ಶೋಲರ್ 1982ರಲ್ಲಿ ಮನುಷ್ಯರಿಗೆ ಒಗ್ಗಿಸಿದರು.

ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ‘ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ’ ಎನ್ನುತ್ತಿದ್ದ ಸ್ಥೂಲಕಾಯದವರನ್ನು ನ್ಯೂಯಾರ್ಕಿನಲ್ಲಿ ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಹೇಳಿದ್ದು, ಮಾಡಿದ ದೈಹಿಕ ಚಟುವಟಿಕೆಯನ್ನು ಶೇ 51ರಷ್ಟು ಹೆಚ್ಚು ಹೇಳಿದ್ದು ಗೊತ್ತಾಯಿತು. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 484 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ, ಹಿಂದಿನ ದಿನದ ಊಟ ಕೇಳಿದಾಗ ಗಂಡಸರು ಶೇ 12ರಿಂದ 14, ಹೆಂಗಸರು ಶೇ 16ರಿಂದ 20ರಷ್ಟು ಕ್ಯಾಲೊರಿಯನ್ನು ಕಡಿಮೆ ಹೇಳಿದ್ದರು. ‘ಕಳೆದ ಒಂದು ವರ್ಷದಲ್ಲಿ ಇದನ್ನು ಎಷ್ಟು ಸಲ ತಿಂದಿರಿ?’ ಎಂಬ ಪಟ್ಟಿ ಕೊಟ್ಟಾಗ ಕೊರತೆ ಮೂರನೇ ಒಂದು ಭಾಗದ ಆಸುಪಾಸಿಗೆ ಏರಿತ್ತು. ಜನ ಸುಳ್ಳು ಹೇಳುತ್ತಾರೆ ಎಂದು ಇದರಿಂದ ತೀರ್ಮಾನಿಸುವುದು ತಪ್ಪು. ಊಟ ಎಂಬುದು ಲಕ್ಷ್ಯವಿಟ್ಟು ಮಾಡುವ ಕೆಲಸವಲ್ಲ. ಲಕ್ಷ್ಯವಿಡದೆ ಮಾಡಿದ್ದು ನೆನಪಿನಲ್ಲಿ ಉಳಿಯುವುದಿಲ್ಲ.

ನಮ್ಮ ಕಡೆ ಮರೆವಿನ ಜೊತೆ ಮರ್ಯಾದೆಯೂ ಸೇರಿಕೊಳ್ಳುತ್ತದೆ. ಒಲೆ ಹೊತ್ತಿಸದ ರಾತ್ರಿಯನ್ನು ಪರಊರಿನ ಹುಡುಗಿಯ ಮುಂದೆ ಯಾವ ತಾಯಿಯೂ ಸುಲಭವಾಗಿ ಹೇಳಿಕೊಳ್ಳಳು. ಮಾಂಸದ ವಿಷಯದಲ್ಲಂತೂ ಕೇಳುವವರ ಜಾತಿ, ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುವ ನೆರೆಯವರು, ಊರಿನ ವಾತಾವರಣ ಎಲ್ಲವೂ ಉತ್ತರವನ್ನು ತಿದ್ದುತ್ತವೆ. ಬಾಲಮುರಳಿ ನಟರಾಜನ್ ಮತ್ತು ಸೂರಜ್ ಜೇಕಬ್ 2018ರಲ್ಲಿ ಸರ್ಕಾರಿ ಸಮೀಕ್ಷೆಗಳನ್ನೇ ಒಂದಕ್ಕೊಂದು ಹೋಲಿಸಿ, ಸಾಮಾಜಿಕ ಒತ್ತಡದಿಂದಾಗಿ ಮಾಂಸ ಸೇವನೆ, ಅದರಲ್ಲೂ ದನದ ಮಾಂಸ, ಕಡಿಮೆ ವರದಿಯಾಗುತ್ತಿದೆ ಎಂದು ವಾದಿಸಿದರು. ಶಾಲೆಯ ಊಟದಲ್ಲಿ ಏನಿರಬೇಕು ಎಂದು ವಾದಿಸುವವರೆಲ್ಲ ನೆನಪಿಡಬೇಕಾದ ಮಾತಿದು.

ಹಾಗಾಗಿ ನೆನಪಿನ ಜೊತೆ ದೇಹವನ್ನೂ ಕೇಳಬೇಕು. ಕೇಂಬ್ರಿಜಿನ ಶೀಲಾ ಬಿಂಗಮ್ ತಮ್ಮ ಜೀವಮಾನವನ್ನು ಇದಕ್ಕೆ ಕೊಟ್ಟವರು. ತಿಂದ ಪ್ರೋಟೀನಿನ ಸಾರಜನಕ, ತಿಂದ ಉಪ್ಪಿನ ಸೋಡಿಯಂ ಬಹುಪಾಲು ಮೂತ್ರದಲ್ಲಿ ಹೊರಬರುವುದರಿಂದ, 24 ಗಂಟೆಯ ಮೂತ್ರವನ್ನು ಪೂರ್ತಿ ಸಂಗ್ರಹಿಸಿದರೆ ನೆನಪಿನ ಗೊಡವೆಯಿಲ್ಲದೆ ಎರಡನ್ನೂ ಅಳೆಯಬಹುದು. ಒಂದು ಸಲ ಕ್ಯಾನಿಗೆ ಹಿಡಿಯದೆ ಹೋದರೂ ಲೆಕ್ಕ ಕೆಡುತ್ತದೆ. ಅದಕ್ಕೆ ಬಿಂಗಮ್ ಒಂದು ನಿರುಪದ್ರವಿ ಮಾತ್ರೆಯನ್ನು ದಿನಕ್ಕೆ ಮೂರು ಸಲ ನುಂಗಿಸಿ, ಅದರಲ್ಲಿ ಎಷ್ಟು ಪಾಲು ಮೂತ್ರದಲ್ಲಿ ವಾಪಸು ಬಂತು ಎಂದು ನೋಡಿ ಸಂಗ್ರಹ ಪೂರ್ಣವೇ ಎಂದು ಪತ್ತೆ ಹಚ್ಚುವ ಕ್ರಮವನ್ನು ರೂಢಿಗೆ ತಂದರು. ಕಳೆ ಕೀಳಲು ಹೋಗುವ ಹೆಂಗಸು ಕ್ಯಾನು ಹೊತ್ತು ಹೊಲಕ್ಕೆ ಹೋಗುವುದು ಆಗದ ಮಾತು. ಅದಕ್ಕೇ ದೊಡ್ಡ ಸಮೀಕ್ಷೆಗಳಲ್ಲಿ ಒಂದು ಸಲದ ಮೂತ್ರದಿಂದ ದಿನದ ಉಪ್ಪನ್ನು ಅಂದಾಜು ಮಾಡುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರದವರು 2017-18ರ ರಾಷ್ಟ್ರೀಯ ಸಮೀಕ್ಷೆಯ ಮಾದರಿಗಳಿಂದ ಹೀಗೆ ಲೆಕ್ಕ ಹಾಕಿದಾಗ, ಭಾರತದ ವಯಸ್ಕರು ದಿನಕ್ಕೆ 8 ಗ್ರಾಂ ಉಪ್ಪು ತಿನ್ನುತ್ತಾರೆ ಎಂದು ಬಂತು. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ ಮೊದಲು ಮಾಡಿದ್ದ ಅಂದಾಜು 11 ಗ್ರಾಂ ಹತ್ತಿರವಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಮಿಗಿಂತ ಕಡಿಮೆ. ಎಂಟೋ ಹನ್ನೊಂದೋ, ಮಿತಿ ಮೀರಿರುವುದು ಖಚಿತ. ಆದರೆ ಉಪ್ಪು ಕಡಿಮೆ ಮಾಡುವ ಅಭಿಯಾನ ನಡೆಸಿ ಐದು ವರ್ಷದ ನಂತರ ಅದು ಫಲ ಕೊಟ್ಟಿತೇ ಎಂದು ನೋಡಬೇಕಾದರೆ ಮೂರು ಗ್ರಾಮಿನ ಈ ಅನಿಶ್ಚಿತತೆ ಅಡ್ಡ ಬರುತ್ತದೆ.

ದೇಹವನ್ನು ಕೇಳಿದರೆ ಏನು ಸಿಗಬಹುದು ಎಂಬುದಕ್ಕೆ ಮೈಸೂರಿನಲ್ಲೇ ಉದಾಹರಣೆ ಇದೆ. ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ ತೊಂಬತ್ತರ ದಶಕದ ಕೊನೆಯಲ್ಲಿ ಗರ್ಭಿಣಿಯರ ದೊಡ್ಡ ಅಧ್ಯಯನವೊಂದು ಆರಂಭವಾಯಿತು. ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಅದರಲ್ಲಿ 785 ತಾಯಂದಿರ ರಕ್ತವನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಶೇ 43 ಮಂದಿಯಲ್ಲಿ ಬಿ12 ಜೀವಸತ್ವ ಕಡಿಮೆ ಇತ್ತು, ಹಾಗಿದ್ದವರಲ್ಲಿ ಗರ್ಭಾವಸ್ಥೆಯ ಮಧುಮೇಹ ಹೆಚ್ಚು ಕಂಡಿತು. ಹೊಟ್ಟೆ ತುಂಬ ಉಂಡವರಲ್ಲೂ ಈ ಕೊರತೆ ಇರಬಲ್ಲದು. ಬಿ12 ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸಗಳಿಂದ. ಕ್ಯಾಲೊರಿಯನ್ನಷ್ಟೇ ಎಣಿಸುವ ದೇಶಕ್ಕೆ ಈ ಹಸಿವು ಕಾಣುವುದೇ ಇಲ್ಲ.

ಮೊಟ್ಟೆಯ ಮಾತು ಬಂದದ್ದರಿಂದ ಹೇಳಲೇಬೇಕು. ಕರ್ನಾಟಕದಲ್ಲಿ 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಎಷ್ಟು ಗದ್ದಲವಾಯಿತು ಎಂಬುದು ಓದುಗರಿಗೆ ಗೊತ್ತೇ ಇದೆ. ಆ ಗದ್ದಲದ ನಡುವೆ ಒಂದು ಒಳ್ಳೆಯ ಕೆಲಸವಾಯಿತು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗದ ಮಕ್ಕಳನ್ನೂ ಹೋಲಿಸಿ, ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದ್ದನ್ನು ತೋರಿಸಿತು. ಮುಂದೆ ಯೋಜನೆ ರಾಜ್ಯಕ್ಕೆಲ್ಲ ಹರಡಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಅಳತೆ ನೀತಿಯನ್ನು ಮುಂದೆ ತಳ್ಳಿದ ಅಪರೂಪದ ಪ್ರಸಂಗವಿದು. ಇನ್ನೂ ಒಂದು ಹೆಜ್ಜೆ ಇಡಬೇಕಿತ್ತು: ಶಾಲೆಯಲ್ಲಿ ಮೊಟ್ಟೆ ತಿಂದ ಮಗುವಿಗೆ ರಾತ್ರಿ ಮನೆಯಲ್ಲಿ ಎಷ್ಟು ಬಡಿಸಿದರು? ಮೊಟ್ಟೆ ಮನೆಯೂಟದ ಮೇಲೆ ಸೇರಿತೋ, ಅದರ ಜಾಗಕ್ಕೆ ಬಂತೋ? ಮಗುವಿನ ಇಡೀ ದಿನದ ತಟ್ಟೆ ಅಳೆದರೆ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ.

ಅಳೆಯಬಲ್ಲವರು ಇಲ್ಲವೆಂದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್‌ನ ಸಂಶೋಧಕರು ದಕ್ಷಿಣ ಭಾರತದ ಊಟಕ್ಕೆ ಹೊಂದುವ ಪ್ರಶ್ನಾವಳಿಯನ್ನೂ ಇಲ್ಲಿನ ಅಡುಗೆಗಳ ಪೋಷಕಾಂಶದ ಲೆಕ್ಕವನ್ನೂ 2008ರಷ್ಟು ಹಿಂದೆಯೇ ಸಿದ್ಧಪಡಿಸಿದ್ದರು. ಚೆನ್ನೈನ ಮಧುಮೇಹ ಸಂಶೋಧಕರು ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ದೇಶದಾದ್ಯಂತ ನಡೆಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನ, ಭಾರತೀಯರ ಕ್ಯಾಲೊರಿಯಲ್ಲಿ ಶೇ 62 ಕಾರ್ಬೊಹೈಡ್ರೇಟಿನಿಂದಲೇ ಬರುತ್ತಿದೆ ಎಂದೂ, ಸಿರಿಧಾನ್ಯ ಈಗಲೂ ಮುಖ್ಯ ಆಹಾರವಾಗಿ ಉಳಿದಿರುವ ಬೆರಳೆಣಿಕೆಯ ರಾಜ್ಯಗಳಲ್ಲಿ ಕರ್ನಾಟಕವೂ ಒಂದು ಎಂದೂ ಹೇಳಿತು. ಇಂಥವು ಬೆಲೆಬಾಳುವ ಕೆಲಸಗಳು. ಆದರೆ ಒಂದು ಯೋಜನೆಯ ಹಣ ಮುಗಿದರೆ ಅಳತೆಯೂ ಮುಗಿಯುತ್ತದೆ. ಕೇಂದ್ರ ಸರ್ಕಾರ ಕುಟುಂಬ ಆರೋಗ್ಯ ಸಮೀಕ್ಷೆಯ ಆರನೇ ಸುತ್ತಿನಿಂದ ರಕ್ತಹೀನತೆಯ ಪರೀಕ್ಷೆಯನ್ನು ಕೈಬಿಟ್ಟು, ಬೆರಳು ಚುಚ್ಚಿ ತೆಗೆದ ಹನಿಯ ಬದಲು ರಕ್ತನಾಳದಿಂದ ತೆಗೆದ ರಕ್ತವನ್ನು ಪರೀಕ್ಷಿಸುವ, ಊಟವನ್ನೂ ಒಬ್ಬೊಬ್ಬರದಾಗಿ ಕೇಳುವ ಬೇರೆಯೇ ಸಮೀಕ್ಷೆಯನ್ನು ಹೈದರಾಬಾದಿನ ಸಂಸ್ಥೆಗೆ ವಹಿಸಿದೆ. ದಿಕ್ಕು ಸರಿಯಾಗಿದೆ. ಒಂದು ಸಲದ ಸಮೀಕ್ಷೆ ಮಾತ್ರ ನಿಗಾ ಅನಿಸಿಕೊಳ್ಳದು.

ಕರ್ನಾಟಕ ತನ್ನದೇ ಒಂದು ಆಹಾರ ನಿಗಾ ಘಟಕವನ್ನು ಶುರು ಮಾಡಲಿ. ಪ್ರತಿ ಜಿಲ್ಲೆಯಲ್ಲಿ ಕೆಲವು ಹಳ್ಳಿ, ಕೆಲವು ವಾರ್ಡುಗಳನ್ನು ಆರಿಸಿಕೊಂಡು ಮಳೆ, ಚಳಿ, ಬೇಸಿಗೆ ಮೂರೂ ಕಾಲದಲ್ಲಿ ಅಳೆಯಲಿ. ಕೆಲವು ಮನೆಗಳಲ್ಲಾದರೂ ರಕ್ತ, ಮೂತ್ರದ ಪರೀಕ್ಷೆಯೂ ಜೊತೆಗಿರಲಿ. ಈಗಾಗಲೇ ಕೆಲಸದ ಹೊರೆಯಲ್ಲಿರುವ ಅಂಗನವಾಡಿ ಕಾರ್ಯಕರ್ತೆಯರ ತಲೆಗೆ ಇದನ್ನು ಕಟ್ಟುವುದು ಬೇಡ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜು, ಮೈಸೂರು ವಿಶ್ವವಿದ್ಯಾಲಯದ ಆಹಾರ ವಿಜ್ಞಾನ ಮತ್ತು ಪೋಷಣಾ ವಿಭಾಗಗಳಲ್ಲಿ ಓದಿ ಹೊರಬರುವ ಹುಡುಗಿಯರಿಗೆ ತರಬೇತಿ, ತಕ್ಕ ಸಂಬಳ ಕೊಟ್ಟು ಈ ಕೆಲಸಕ್ಕೆ ನೇಮಿಸಲಿ. ಜೋಳದ ರೊಟ್ಟಿಯ ಊರಿಗೆ ಆ ಊರಿನ ಮಾತು ಬಲ್ಲವರು, ಗಂಜಿಯ ಊರಿಗೆ ಅಲ್ಲಿಯವರೇ ಹೋಗಲಿ. ಬಂದ ಲೆಕ್ಕ ಕನ್ನಡದಲ್ಲಿ, ತಾಲ್ಲೂಕುವಾರು ಎಲ್ಲರಿಗೂ ಸಿಗಲಿ. ಅನ್ನಭಾಗ್ಯದ ಚೀಲದಲ್ಲಿ ಅಕ್ಕಿಯ ಜೊತೆ ರಾಗಿ, ಜೋಳ, ಬೇಳೆ ಎಷ್ಟಿರಬೇಕು ಎಂಬ ತೀರ್ಮಾನ ಆ ಲೆಕ್ಕವನ್ನು ಮುಂದಿಟ್ಟುಕೊಂಡು ಆಗಲಿ.

ಓದುಗರಲ್ಲಿ ಒಂದು ಕೋರಿಕೆ. ನಾಳೆ ಇಂಥ ಸಮೀಕ್ಷೆಯವರು ಮನೆ ಬಾಗಿಲಿಗೆ ಬಂದರೆ ಒಂದು ಗಂಟೆ ಬಿಡುವು ಮಾಡಿಕೊಡಿ. ಮನೆಯ ಗಂಡಸರೇ ಎಲ್ಲರ ಪರವಾಗಿ ಉತ್ತರ ಹೇಳಿ ಕಳಿಸಬೇಡಿ. ಅಡುಗೆ ಮಾಡಿದವರನ್ನು ಕರೆದು ಕೂರಿಸಿ, ಅವರು ಏನು, ಎಷ್ಟು ಉಂಡರು ಎಂಬುದನ್ನು ಅವರ ಬಾಯಿಂದಲೇ ಬರೆಸಿ.